ಚಕ್ಕಡಿಯ ಅಳತೆಯ ಕಮಾನು, ಗೂಡ್ಸ್ ರೈಲಿನ ಭಾರ

ಧಾರವಾಡ ದಾಟಿ ಅಳ್ನಾವರದ ಕಡೆಗೆ ಹೊರಟರೆ ಸ್ವಲ್ಪ ಹೊತ್ತಿನಲ್ಲೇ ನೆಲದ ಬಣ್ಣ ಬದಲಾಗುತ್ತದೆ. ಎರೆಯ ಕಪ್ಪು ಹಿಂದೆ ಉಳಿದು ಕೆಮ್ಮಣ್ಣು ಕಾಣಿಸಿಕೊಳ್ಳುತ್ತದೆ; ಬಯಲು ಮುಗಿದು ತಗ್ಗುದಿಣ್ಣೆ ಶುರುವಾಗುತ್ತದೆ. ಕ್ಯಾರಕೊಪ್ಪ, ಮುಗದ, ಕಂಬಾರಗಣವಿ ಎಂದು ಸ್ಟೇಷನ್ನುಗಳು ಬರುವ ಈ ಹಾದಿಯಲ್ಲಿ ಒಂದು ಹಳ್ಳ. ಹಳ್ಳಕ್ಕೆ ಅಡ್ಡಲಾಗಿ ರೈಲಿನ ಏರಿ, ಏರಿಯ ಹೊಟ್ಟೆಯಲ್ಲಿ ಕಲ್ಲಿನ ಕಮಾನು. ಬೇಸಿಗೆಯಲ್ಲಿ ಅದರೊಳಗೆ ಚಕ್ಕಡಿ ಹಾಯುತ್ತದೆ, ಮಳೆಗಾಲದಲ್ಲಿ ನೀರು ಹಾಯುತ್ತದೆ. ಅದನ್ನು ಸೇತುವೆ ಎಂದು ಊರಿನ ಯಾರೂ ಕರೆಯುವುದಿಲ್ಲ. ಅವರಿಗೆ ಅದು ‘ಬೋಗದಾ’.

ಹಳಿಯ ಮೇಲೆ ಹತ್ತುವುದು ಕಾನೂನಿಗೂ ಒಪ್ಪದು, ಜೀವಕ್ಕೂ ಒಳ್ಳೆಯದಲ್ಲ. ಹತ್ತುವ ಅಗತ್ಯವೂ ಇಲ್ಲ. ಕಮಾನಿನ ಸೇತುವೆಯನ್ನು ನೋಡಬೇಕಾದದ್ದು ಕೆಳಗಿನಿಂದಲೇ. ಮೊನ್ನೆ ಅಲ್ಲಿ ನಿಂತು ಗೋಡೆಗೆ ಅಂಗೈ ಇಟ್ಟು ನೋಡಿದೆ. ಮುಖದ ಕಲ್ಲುಗಳ ಮೇಲೆ ಉಳಿಯ ಏಟು ಇನ್ನೂ ಕೈಗೆ ತಾಗುತ್ತದೆ. ಕಮಾನಿನ ಕಲ್ಲುಗಳ ನಡುವಿನ ಸಂದು ಉಗುರು ಹೋಗುವಷ್ಟು ಕಿರಿದು. ಒಳಹೊಟ್ಟೆಯಲ್ಲಿ ಸುಣ್ಣ ಕರಗಿ ಇಳಿದು ಬಿಳಿಯ ಗೆರೆಗಳಾಗಿವೆ. ಮೇಲಿನ ಕೈಗೋಡೆಗೆ ಹಳದಿ ಬಣ್ಣ ಬಳಿದು ಕಪ್ಪು ಅಕ್ಷರದಲ್ಲಿ ಸೇತುವೆಯ ಸಂಖ್ಯೆ ಬರೆದಿದ್ದಾರೆ, ನೀರು ಹರಿಯುವ ದಿಕ್ಕಿಗೆ ಒಂದು ಬಾಣ ಹಾಕಿದ್ದಾರೆ. ಬಣ್ಣದ ಸಿಪ್ಪೆ ಎದ್ದ ಜಾಗದಲ್ಲಿ ಹಳೆಯದೊಂದು ಸಂಖ್ಯೆ ಇಣುಕುತ್ತದೆ. ಅಷ್ಟರಲ್ಲಿ ಕಲ್ಲಿದ್ದಲಿನ ಗೂಡ್ಸ್ ಬಂತು, ಗೋವಾ ಬಂದರಿನ ಕಡೆಯಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಕಡೆಗೆ ಹೋಗುವಂಥದ್ದು. ಗೋಡೆಯಿಂದ ಕೈ ತೆಗೆಯಲಿಲ್ಲ. ಕಲ್ಲಿನೊಳಗಿಂದ ಒಂದು ಗುಂಯ್ ಎನ್ನುವ ನಡುಕ ಬಂದು ಮೊಣಕೈವರೆಗೆ ಹತ್ತಿತು, ಮೇಲಿನಿಂದ ಚಿಟಿಕೆ ಮಣ್ಣು ಉದುರಿತು. ಕೊನೆಯ ವ್ಯಾಗನ್ ದಾಟಿದ ಮೇಲೆ ಮತ್ತೆ ಹಕ್ಕಿಗಳ ಸದ್ದು ಕೇಳಿಸಿತು.

ಮಗ್ಗುಲಲ್ಲೇ ಎರಡನೆಯ ಹಳಿಗೆಂದು ಇತ್ತೀಚೆಗೆ ಹಾಕಿದ ಕಾಂಕ್ರೀಟ್ ಪೆಟ್ಟಿಗೆಯಿದೆ. ಚೌಕಾಕಾರ, ಬೂದು ಬಣ್ಣ, ಒಳಗೆ ಯಾರದೋ ಪ್ರೇಮದ ಘೋಷಣೆ. ಕಮಾನೂ ಪೆಟ್ಟಿಗೆಯೂ ಒಂದೇ ಹಳ್ಳಕ್ಕೆ ಒಂದೇ ಕೆಲಸ ಮಾಡುತ್ತಿವೆ. ಇವೆರಡರಲ್ಲಿ ಮುಂದಿನ ಐವತ್ತು ವರ್ಷ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಕೆಡವಬೇಕು ಎಂಬ ತೀರ್ಮಾನ ನಮ್ಮ ಭಾಗದಲ್ಲಿ ಸದ್ದಿಲ್ಲದೆ ನಡೆಯುತ್ತಿದೆ. ಹುಬ್ಬಳ್ಳಿಯಿಂದ ಹಾವೇರಿ, ರಾಣೆಬೆನ್ನೂರು ಮಾರ್ಗವಾಗಿ ಬೆಂಗಳೂರಿಗೆ ಜೋಡಿಹಳಿ ಬಂದಿದೆ, ವಿದ್ಯುತ್ ತಂತಿ ಬಂದಿದೆ. ವೇಗ ಹೆಚ್ಚಿಸುವ ಮಾತಂತೂ ದಿನವೂ ಇದೆ. ಹಳಿ ಬದಲಾದಾಗ ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ, ಸ್ಟೇಷನ್ನಿಗೆ ಹೆಸರಿಟ್ಟಾಗ ಮೆರವಣಿಗೆಯಾಗುತ್ತದೆ. ಕಲ್ಲಿನ ಕಮಾನು ಹೋಗಿ ಪೆಟ್ಟಿಗೆ ಬಂದದ್ದು ಹಳ್ಳದ ಎಮ್ಮೆಗಳಿಗೆ ಮಾತ್ರ ಗೊತ್ತಾಗುತ್ತದೆ.

ಬರ, ಹತ್ತಿ ಮತ್ತು ಒಂದು ಮೀಟರಿನ ಹಳಿ

ಈ ಕಮಾನುಗಳ ಹಿಂದೆ ಒಂದು ಬರ ಇದೆ. 1876ರಿಂದ 1878ರವರೆಗಿನ ಧಾತು ಈಶ್ವರ ಸಂವತ್ಸರಗಳ ಬರದಲ್ಲಿ ಧಾರವಾಡ, ಕಲಾದಗಿ ಸೀಮೆಗಳಿಗೆ ಧಾನ್ಯ ಮುಟ್ಟಿಸಲು ಎತ್ತಿನ ಗಾಡಿ ಬಿಟ್ಟರೆ ದಾರಿಯಿರಲಿಲ್ಲ, ಎತ್ತುಗಳಿಗೇ ಮೇವಿರಲಿಲ್ಲ. 1880ರ ಕ್ಷಾಮ ಆಯೋಗ ಬರಪೀಡಿತ ಸೀಮೆಗಳಿಗೆ ರಕ್ಷಣೆಯ ರೈಲು ಮಾರ್ಗಗಳು ಬೇಕೆಂದು ಹೇಳಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ದಶಕ ಮುಗಿಯುವುದರೊಳಗೆ ಗದಗಿನಿಂದ ಹೊಟಗಿಗೆ, ಗದಗಿನಿಂದ ಬಳ್ಳಾರಿಗೆ, ಹುಬ್ಬಳ್ಳಿಯಿಂದ ಹರಿಹರಕ್ಕೆ, ಲೋಂಡಾ ಹಾದು ಗೋವಾದ ಗಡಿಗೆ ಹಳಿ ಬಿದ್ದಿತ್ತು. ಖರ್ಚು ಕಡಿಮೆಯೆಂದು ಎಲ್ಲವೂ ಮೀಟರ್ ಗೇಜು: ಎರಡು ಹಳಿಗಳ ನಡುವೆ ಒಂದು ಮೀಟರ್.

ಬರದ ನೆಪದ ಜೊತೆಗೆ ಹತ್ತಿಯ ಲಾಭವೂ ಇತ್ತೆನ್ನುವುದನ್ನು ಮರೆಯಬಾರದು. ಅದಕ್ಕೆ ಮೊದಲು ಧಾರವಾಡ, ಗದಗ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. ಹತ್ತಿಯ ಪೇಟೆಯಲ್ಲಿ ‘ಕುಮಟಾ ಹತ್ತಿ’ ಎಂಬ ಹೆಸರೇ ಇತ್ತು, ಕುಮಟಾದಲ್ಲಿ ಹತ್ತಿ ಬೆಳೆಯದಿದ್ದರೂ. ರೈಲು ಬಂದ ಮೇಲೆ ಹತ್ತಿ ಗೋವಾದ ಮುರ್ಮಗೋವೆ ಬಂದರಿನ ದಾರಿ ಹಿಡಿಯಿತು, ಕುಮಟಾ ಸೊರಗಿತು.

ಇಷ್ಟು ಉದ್ದದ ಮಾರ್ಗವನ್ನು ಇಷ್ಟು ಬೇಗ ಕಟ್ಟಿದವರು ದೊಡ್ಡ ನದಿಗಳಿಗೆ ಕಲ್ಲಿನ ಕಂಬ ಎಬ್ಬಿಸಿ ಮೇಲೆ ಕಬ್ಬಿಣದ ತೊಲೆ, ಅಂದರೆ ಗರ್ಡರ್, ಇಟ್ಟರು. ಹಳ್ಳಕೊಳ್ಳಗಳಿಗೆ, ಚಕ್ಕಡಿ ದಾರಿಗಳಿಗೆ ಕಮಾನು ಕಟ್ಟಿದರು. ಗರ್ಡರ್ ಹಡಗಿನಲ್ಲಿ ಬರಬೇಕು, ಅದಕ್ಕೆ ಹಣ ಕೊಡಬೇಕು. ಕಲ್ಲು ಇಲ್ಲೇ ಇತ್ತು, ಕಲ್ಲು ಒಡೆಯುವ ಕೈಗಳೂ ಇಲ್ಲೇ ಇದ್ದವು. ದಕ್ಷಿಣ ಭಾರತದ ರೈಲು ಏರಿಗಳನ್ನೂ ಸೇತುವೆಗಳನ್ನೂ ಎಬ್ಬಿಸಿದ್ದರಲ್ಲಿ ಭೋವಿ ಸಮುದಾಯದ ದುಡಿಮೆ ದೊಡ್ಡದು. ಕಲ್ಲು ಸೀಳುವವರು, ಮಣ್ಣು ಹೊರುವವರು ಎಂದು ಅವರೊಳಗೇ ಕಸುಬು ಹಂಚಿಕೆಯಾಗಿತ್ತು. ಎಂಜಿನಿಯರುಗಳ ಹೆಸರು ಕಡತದಲ್ಲಿ ಸಿಗುತ್ತದೆ. ಇವರದ್ದು ಉಳಿಯ ಏಟಿನಲ್ಲಿ ಮಾತ್ರ.

ಕಮಾನು ನಿಲ್ಲುವುದು ಹೇಗೆ

ಕಲ್ಲಿಗೆ ಒಂದು ಗುಣ, ಒಂದು ದೋಷ. ಎಷ್ಟು ಒತ್ತಿದರೂ ತಾಳಿಕೊಳ್ಳುತ್ತದೆ, ಸ್ವಲ್ಪ ಎಳೆದರೂ ಬಿರಿಯುತ್ತದೆ. ಉದ್ದನೆಯ ಕಲ್ಲಿನ ತೊಲೆಯನ್ನು ಎರಡು ಕಂಬಗಳ ಮೇಲೆ ಮಲಗಿಸಿದರೆ ಅದರ ಕೆಳಮೈ ಎಳೆತಕ್ಕೆ ಸಿಗುತ್ತದೆ. ಅದಕ್ಕೇ ನಮ್ಮ ದೇವಸ್ಥಾನಗಳಲ್ಲಿ ಕಂಬಗಳು ಅಷ್ಟು ಹತ್ತಿರ ಹತ್ತಿರ. ಉಣಕಲ್ಲಿನ ಚಂದ್ರಮೌಳೇಶ್ವರ, ಅಣ್ಣಿಗೇರಿಯ ಅಮೃತೇಶ್ವರ, ಗದಗಿನ ತ್ರಿಕೂಟೇಶ್ವರ, ಹಾವೇರಿಯ ಸಿದ್ಧೇಶ್ವರ: ಈ ಭಾಗದ ರೈಲು ಸ್ಟೇಷನ್ನುಗಳ ಪಟ್ಟಿಯೂ ಕಲ್ಯಾಣ ಚಾಲುಕ್ಯರ ಗುಡಿಗಳ ಪಟ್ಟಿಯೂ ಹೆಚ್ಚುಕಡಿಮೆ ಒಂದೇ. ಆ ಗುಡಿಗಳೆಲ್ಲ ಕಂಬ ಮತ್ತು ತೊಲೆಯ ವಾಸ್ತು. ನಿಜವಾದ ಕಮಾನು ಇಲ್ಲಿ ಬೇರೂರಿದ್ದು ಬಹಮನಿ, ಆದಿಲಶಾಹಿಗಳ ಕಾಲದಲ್ಲಿ. ರೈಲಿನವರು ತಂದದ್ದು ಅದೇ ತತ್ವ, ಲೆಕ್ಕ ಮಾತ್ರ ಬೇರೆ.

ಕಮಾನಿನಲ್ಲಿ ಪ್ರತಿ ಕಲ್ಲೂ ಬೆಣೆಯಾಕಾರ. ಮೇಲಿನ ಭಾರ ಕಲ್ಲನ್ನು ಕೆಳಗೆ ತಳ್ಳಿದಷ್ಟೂ ಅದು ಪಕ್ಕದ ಕಲ್ಲುಗಳ ನಡುವೆ ಇನ್ನಷ್ಟು ಬಿಗಿಯಾಗುತ್ತದೆ. ಭಾರ ಕಲ್ಲಿಂದ ಕಲ್ಲಿಗೆ ದಾಟಿ ಎರಡೂ ಬದಿಯ ಆಸರೆ ಗೋಡೆಗೆ ಇಳಿಯುತ್ತದೆ. ಎಲ್ಲೂ ಎಳೆತವಿಲ್ಲ, ಬರೀ ಒತ್ತಡ. 1675ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ ಇದನ್ನು ಒಂದು ಒಗಟಿನ ಸಾಲಿನಲ್ಲಿ ಬಚ್ಚಿಟ್ಟು ಪ್ರಕಟಿಸಿದ್ದ: ಸರಪಳಿಯೊಂದನ್ನು ಎರಡು ತುದಿ ಹಿಡಿದು ಜೋತುಬಿಟ್ಟರೆ ಅದು ಯಾವ ಬಾಗು ಪಡೆಯುತ್ತದೋ ಅದನ್ನೇ ತಲೆಕೆಳಗು ಮಾಡಿದರೆ ಗಟ್ಟಿಯಾದ ಕಮಾನು. ಜೋಕಾಲಿಯ ಹಗ್ಗವನ್ನು ಮೇಲುಕೆಳಗು ಮಾಡಿ ಊಹಿಸಿಕೊಂಡರೂ ಸಾಕು. ಭಾರ ಹರಿಯುವ ಈ ಕಾಣದ ಗೆರೆ ಕಮಾನಿನ ಕಲ್ಲುಗಳ ಉಂಗುರದ ದಪ್ಪದೊಳಗೆ ಇರುವವರೆಗೆ ಕಮಾನಿಗೆ ಭಯವಿಲ್ಲ. ಉಂಗುರದ ಅಂಚಿಗೆ ಬಂದರೆ ಸಂದು ಬಾಯಿ ಬಿಡುತ್ತದೆ.

ಉಂಗುರ ಎಷ್ಟು ದಪ್ಪ ಇರಬೇಕು? ಆ ಕಾಲದ ಎಂಜಿನಿಯರುಗಳ ಕೈಯಲ್ಲಿ ಗ್ಲಾಸ್ಗೋದ ಪ್ರಾಧ್ಯಾಪಕ ರ‍್ಯಾಂಕಿನ್ ಕೊಟ್ಟ ಸರಳ ಸೂತ್ರವಿತ್ತು. ಕಮಾನಿನ ತ್ರಿಜ್ಯವನ್ನು ಅಡಿಗಳಲ್ಲಿ ತೆಗೆದುಕೊಂಡು 0.12ರಿಂದ ಗುಣಿಸಿ ವರ್ಗಮೂಲ ತೆಗೆಯಿರಿ. ನೆತ್ತಿಯ ದಪ್ಪ ಬರುತ್ತದೆ. ಕಾಲಿಂದ ಕಾಲಿಗೆ ಇಪ್ಪತ್ತು ಅಡಿ ಹರವಿನ ಅರ್ಧವೃತ್ತದ ಒಂಟಿ ಕಮಾನಿಗೆ ಸುಮಾರು 13 ಇಂಚು. ಸಾಲಾಗಿ ಕಮಾನುಗಳಿದ್ದರೆ 0.12ರ ಬದಲು 0.17, ಆಗ ಸುಮಾರು 16 ಇಂಚು. ಸಾಲಿನಲ್ಲಿ ಕಮಾನುಗಳನ್ನು ಹೊರುವುದು ನೆಲಕ್ಕೆ ಆತುಕೊಂಡ ದಪ್ಪ ಗೋಡೆಯಲ್ಲ, ತೆಳ್ಳನೆಯ ಕಂಬ. ಅದು ಅತ್ತಿತ್ತ ಅಲುಗಬಹುದು, ಆದ್ದರಿಂದ ಮೂರು ಇಂಚು ಹೆಚ್ಚು. ಕಂಪ್ಯೂಟರ್ ಇಲ್ಲದ ಕಾಲದ ಈ ಮೂರು ಇಂಚಿನ ವಿವೇಕ ನನಗೆ ಬಹಳ ಇಷ್ಟ.

ಅರ್ಧವೃತ್ತದ ಕಮಾನನ್ನು ತಟ್ಟೆಯಂತೆ ಚಪ್ಪಟೆ ಮಾಡುತ್ತ ಹೋದಂತೆ ಅದು ಗೋಡೆಗಳನ್ನು ಪಕ್ಕಕ್ಕೆ ತಳ್ಳುವ ಬಲ ಏರುತ್ತದೆ. ಸುಮಾರಾಗಿ, ಎತ್ತರ ಅರ್ಧವಾದರೆ ತಳ್ಳುವಿಕೆ ಎರಡರಷ್ಟು. ಏರಿ ಎತ್ತರವಿದ್ದ ಕಡೆ ಅರ್ಧವೃತ್ತ ಕಟ್ಟಬಹುದು. ತಗ್ಗಿನ ಏರಿಯಾದರೆ ಚಪ್ಪಟೆ ಕಮಾನೇ ಗತಿ, ಪಕ್ಕದ ಗೋಡೆ ದಪ್ಪ. ತುಂಗಭದ್ರೆಯ ದಂಡೆಯ ಹರಿಹರಕ್ಕೆ ಹೋದವರು ಚಪ್ಪಟೆ ಕಮಾನಿನ ದೊಡ್ಡ ಉದಾಹರಣೆಯನ್ನೇ ನೋಡಬಹುದು. ರೈಲಿಗಿಂತ ಮೊದಲು, 1868ರಲ್ಲಿ ಮುಗಿದ ರಸ್ತೆ ಸೇತುವೆ ಅದು. ಕಲ್ಲು, ಇಟ್ಟಿಗೆ ಸೇರಿಸಿ ಕಟ್ಟಿದ ಹದಿನಾಲ್ಕು ದೀರ್ಘವೃತ್ತದ ಕಮಾನು, ಒಂದೊಂದು ಅರವತ್ತು ಅಡಿ. ಆಗ ನದಿಯ ಆಚೆ ಮೈಸೂರು ಸೀಮೆ, ಈಚೆ ಮುಂಬೈ ಇಲಾಖೆ.

ಈಗ ಭಾರದ ಮಾತು. ಮೀಟರ್ ಗೇಜಿನ ಉಗಿಬಂಡಿಗಳ ಕೊನೆಯ ತಲೆಮಾರಿನ ವೈಪಿ, ವೈಜಿ ಎಂಜಿನ್ನುಗಳ ಒಂದೊಂದು ಅಚ್ಚಿನ, ಅಂದರೆ ಒಂದು ಜೋಡಿ ಗಾಲಿಯ, ಭಾರ ಹತ್ತೂವರೆ ಟನ್ನಿನ ಆಸುಪಾಸು. ಈಗಿನ ವಿದ್ಯುತ್ ಗೂಡ್ಸ್ ಎಂಜಿನ್ 123 ಟನ್ ತೂಗುತ್ತದೆ, ಆರು ಅಚ್ಚು. ತುಂಬಿದ ವ್ಯಾಗನ್ನಿನ ಒಂದು ಅಚ್ಚು 22.9 ಟನ್‌ವರೆಗೆ ಹೋಗುತ್ತದೆ. ಹೊಸ ಸೇತುವೆಗಳನ್ನು 25 ಟನ್ ಅಚ್ಚಿಗೆಂದು ವಿನ್ಯಾಸ ಮಾಡುತ್ತಾರೆ. ಅಂದರೆ ಕಮಾನಿನ ಮೇಲಿನ ಭಾರ ಎರಡು ಪಟ್ಟು ದಾಟಿದೆ. ಹಾಗಾದರೆ ಇವು ಇನ್ನೂ ನಿಂತಿರುವುದು ಹೇಗೆ?

ಒಂದು ಅಂದಾಜು ಲೆಕ್ಕ ಹಾಕೋಣ. ಆರು ಮೀಟರ್ ಹರವಿನ, ಐದು ಮೀಟರ್ ಅಗಲದ ಕಮಾನು. ಮೇಲೆ ಕಲ್ಲು, ಮಣ್ಣು, ಜಲ್ಲಿ ಸೇರಿ ಸರಾಸರಿ ಎರಡು ಮೀಟರ್ ದಪ್ಪ. ಘನಮೀಟರಿಗೆ ಎರಡು ಟನ್ ಎಂದರೂ ಸೇತುವೆಯ ಸ್ವಂತ ತೂಕ 120 ಟನ್. ಹಳೆಯ ಎಂಜಿನ್ನಿನ ಮೂರು ನಾಲ್ಕು ಅಚ್ಚು ಒಟ್ಟಿಗೆ ಮೇಲೆ ಬಂದರೆ 30ರಿಂದ 40 ಟನ್, ಅಂದರೆ ಸ್ವಂತ ತೂಕದ ಮೂರನೆಯ ಒಂದು ಪಾಲು. ಈಗಿನ ವ್ಯಾಗನ್ನುಗಳಾದರೆ 70ರಿಂದ 90 ಟನ್, ಅಂದರೆ ಮುಕ್ಕಾಲು ಪಾಲಿನವರೆಗೆ. ಕಟ್ಟಿದವರು ಬಿಟ್ಟುಕೊಟ್ಟ ಅಂತರದಲ್ಲಿ ನಾವು ದೊಡ್ಡ ಪಾಲನ್ನು ತಿಂದಿದ್ದೇವೆ, ಪೂರ್ತಿ ತಿಂದಿಲ್ಲ. ಸ್ವಂತ ತೂಕವೇ ಕಮಾನನ್ನು ಬಿಗಿಹಿಡಿದು ಭಾರದ ಗೆರೆಯನ್ನು ಉಂಗುರದೊಳಗೆ ಇಟ್ಟಿದೆ. ಕಬ್ಬಿಣದ ಗರ್ಡರಿಗೆ ತನ್ನ ತೂಕವೇ ಹೊರೆ, ಕಮಾನಿಗೆ ಅದೇ ಬಲ.

ಹಾಗೆಂದು ಕಣ್ಣು ಮುಚ್ಚಿ ನಂಬುವಂತಿಲ್ಲ. ಪರೀಕ್ಷೆಯ ಭಾರ ಹೇರಿದಾಗ ಕಮಾನಿನ ನೆತ್ತಿ ಒಂದೂಕಾಲು ಮಿಲಿಮೀಟರಿಗಿಂತ ಹೆಚ್ಚು ಕುಸಿಯಬಾರದು, ಕಾಲುಗಳು 0.4 ಮಿಲಿಮೀಟರಿಗಿಂತ ಹೆಚ್ಚು ಅಗಲಬಾರದು ಎಂಬುದು ರೈಲ್ವೆಯ ನಿಯಮ. ಮಳೆಗಾಲ ಮುಗಿದ ಮೇಲೆ ಪ್ರತಿ ಸೇತುವೆಯನ್ನೂ ಎಂಜಿನಿಯರುಗಳು ನೋಡಿ ಅಂಕ ಹಾಕುತ್ತಾರೆ: 5 ಬಂದರೆ ಗಟ್ಟಿ, 1 ಬಂದರೆ ತಕ್ಷಣ ಕೆಲಸ ಹಿಡಿಯಬೇಕು. ದೇಶದ ಸುಮಾರು ಒಂದೂವರೆ ಲಕ್ಷ ರೈಲು ಸೇತುವೆಗಳಲ್ಲಿ ಮೂವತ್ತೇಳು ಸಾವಿರಕ್ಕೂ ಹೆಚ್ಚು ನೂರು ವರ್ಷ ದಾಟಿದವು ಎಂದು ಕೆಲವು ವರ್ಷಗಳ ಹಿಂದೆ ಸಂಸತ್ತಿಗೆ ಉತ್ತರ ಕೊಟ್ಟಾಗ ಗಾಬರಿಯ ತಲೆಬರಹಗಳು ಬಂದವು. ವಯಸ್ಸಿಗೂ ಸೇತುವೆಯ ಗಟ್ಟಿತನಕ್ಕೂ ನೇರ ಸಂಬಂಧವಿಲ್ಲ ಎಂದು ರೈಲ್ವೆ ಪ್ರತಿ ಸಲ ಹೇಳುತ್ತದೆ. ಸರ್ಕಾರಿ ಉತ್ತರಗಳನ್ನು ಅನುಮಾನದಿಂದ ನೋಡುವುದು ನನ್ನ ಅಭ್ಯಾಸ. ಈ ಮಾತು ಮಾತ್ರ ಕಮಾನಿನ ಮಟ್ಟಿಗೆ ಸರಿ.

ಎರೆ, ಗರಸು, ಗಾರೆ

ಕಮಾನಿಗೆ ನಿಜವಾದ ಶತ್ರು ಮೇಲಿನ ರೈಲಲ್ಲ, ಕೆಳಗಿನ ನೆಲ. ಕಾಲು ಒಂದಿಷ್ಟು ಸರಿದರೂ ಅದಕ್ಕೆ ಆಗದು. ಹುಬ್ಬಳ್ಳಿಯಿಂದ ಕುಸುಗಲ್ಲು, ಹೆಬಸೂರು, ಅಣ್ಣಿಗೇರಿ, ಹುಲಕೋಟಿ ಹಾದು ಗದಗಿಗೆ ಹೋಗುವ ಹಾದಿಯುದ್ದಕ್ಕೂ ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಜೋಳಕ್ಕೂ ಹತ್ತಿಗೂ ಕಡಲೆಗೂ ಹೇಳಿ ಮಾಡಿಸಿದ ನೆಲ, ಅಡಿಪಾಯಕ್ಕೆ ಅಷ್ಟೇ ಕೆಟ್ಟದ್ದು. ಮನೆ ಕಟ್ಟಿದ ಯಾರನ್ನಾದರೂ ಕೇಳಿ, ಎರೆ ತೆಗೆದು ಗರಸಿನವರೆಗೆ, ಅಂದರೆ ಅಡಿಯ ಗಟ್ಟಿ ಕಲ್ಲುಮಣ್ಣಿನವರೆಗೆ, ಇಳಿಯಲು ಎಷ್ಟು ಹಣ ಹೋಯಿತೆಂದು ಹೇಳುತ್ತಾರೆ. ಸೇತುವೆ ಕಟ್ಟುವವರಿಗೂ ಬೇರೆ ದಾರಿಯಿಲ್ಲ. ಧಾರವಾಡದ ಪಶ್ಚಿಮಕ್ಕೆ ಅಡಿಪಾಯ ಹಿಡಿದುಕೊಳ್ಳುವ ಗಟ್ಟಿ ನೆಲ ಬೇಗ ಸಿಗುತ್ತದೆ.

ಆ ಗಟ್ಟಿ ನೆಲಕ್ಕೂ ಒಂದು ಹೆಸರಿದೆ, ಅದು ಜಗತ್ತಿನ ಭೂವಿಜ್ಞಾನಕ್ಕೆಲ್ಲ ಗೊತ್ತು. ರೈಲು ಏರಿ ಎದ್ದ ಅದೇ 1880ರ ದಶಕದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಸೀಮೆಯ ಪುರಾತನ ಶಿಲಾವರ್ಗಕ್ಕೆ ಧಾರವಾಡದ ಹೆಸರನ್ನೇ ಇಟ್ಟ. ಎರಡೂವರೆ ಶತಕೋಟಿ ವರ್ಷಕ್ಕಿಂತ ಹಳೆಯ ಕಲ್ಲು. ಅದರ ಮೆತ್ತನೆಯ ಬಳಪದಂಥ ಬಗೆಯನ್ನು ಲಕ್ಕುಂಡಿಯ ಶಿಲ್ಪಿಗಳು ಕೆತ್ತಿದರು. ರೈಲಿನವರಿಗೆ ಬೇಕಾದದ್ದು ಕೆತ್ತನೆಗೆ ಬಗ್ಗದ ಗಡಸು ಕಲ್ಲು.

ಎರೆ ಭೂಮಿ ಅಡಿಪಾಯಕ್ಕೆ ಕೊಟ್ಟ ತೊಂದರೆಯನ್ನು ಇನ್ನೊಂದು ರೀತಿಯಲ್ಲಿ ತೀರಿಸಿತು. ಈ ಮಣ್ಣಿನಲ್ಲಿ ಸುಣ್ಣದ ಹರಳುಗಳು ಸಿಗುತ್ತವೆ, ಹೊಲ ಉಳುವವರ ಕಾಲಿಗೆ ಚುಚ್ಚುವಂಥವು. ಅವನ್ನು ಭಟ್ಟಿಯಲ್ಲಿ ಸುಟ್ಟರೆ ಬರುವ ಸುಣ್ಣದಲ್ಲಿ ಜೇಡಿಯ ಅಂಶ ಬೆರೆತಿರುತ್ತದೆ. ಅದರಿಂದಲೇ ಆ ಗಾರೆ ತೇವದಲ್ಲೂ ಗಟ್ಟಿಯಾಗುತ್ತದೆ, ಹಳ್ಳದ ಸೇತುವೆಗೆ ಬೇಕಾದದ್ದೂ ಅದೇ. ಸುಟ್ಟ ಸುಣ್ಣಕ್ಕೆ ಮರಳು, ಇಟ್ಟಿಗೆ ಪುಡಿ ಸೇರಿಸಿ ವೃತ್ತಾಕಾರದ ಕಾಲುವೆಯಲ್ಲಿ ಎತ್ತು ಹೂಡಿದ ಕಲ್ಲಿನ ಗಾಲಿಯಿಂದ ಅರೆಯುತ್ತಿದ್ದರು. ಸುಣ್ಣದ ಗಾಣ ಎನ್ನುತ್ತಿದ್ದದ್ದು ಇದನ್ನೇ; ಹಳೆಯ ಗುಡಿ, ಮಠಗಳ ಹಿತ್ತಿಲಲ್ಲಿ ಆ ಗಾಲಿಗಳು ಈಗಲೂ ಬಿದ್ದಿರುತ್ತವೆ.

ದುರಸ್ತಿಯಲ್ಲಿ ತಪ್ಪಾಗುವುದು ಇಲ್ಲೇ. ಗಾರೆ ಕಲ್ಲಿಗಿಂತ ಮೆದು. ನೀರನ್ನು ಹೀರಿ ಹೊರಗೆ ಬಿಡುತ್ತದೆ, ಕೂದಲೆಳೆಯ ಬಿರುಕು ಬಿದ್ದರೆ ಕರಗಿದ ಸುಣ್ಣವೇ ಹರಿದು ಮತ್ತೆ ಮುಚ್ಚುತ್ತದೆ. ಸಂದುಗಳಿಗೆ ಸಿಮೆಂಟ್ ಮೆತ್ತಿದರೆ ನೀರು ಒಳಗೇ ಉಳಿಯುತ್ತದೆ, ರೈಲು ಬಂದಾಗ ಬಗ್ಗದ ಸಿಮೆಂಟಿನ ಅಂಚು ಕಲ್ಲಿನ ಮೂಲೆಯನ್ನು ಒಡೆಯುತ್ತದೆ. ನಾನು ಕೈಯಿಟ್ಟು ನೋಡಿದ ಕಮಾನಿನ ಒಂದು ಬದಿಯಲ್ಲಿ ಯಾವಾಗಲೋ ಸಿಮೆಂಟ್ ಹಚ್ಚಿದ್ದಾರೆ. ಹೊಸದಾಗಿ ಸಿಪ್ಪೆ ಎದ್ದ ಕಲ್ಲುಗಳೆಲ್ಲ ಆ ಬದಿಯಲ್ಲೇ ಇವೆ; ಹಳೆಯ ಗಾರೆಯ ಬದಿ ಕೊಳಕಾಗಿದೆ, ಒಡೆದಿಲ್ಲ. ನೀರು ಹೊರಬರಲೆಂದು ಗೋಡೆಯಲ್ಲಿ ಬಿಟ್ಟಿದ್ದ ತೂತುಗಳಲ್ಲಿ ಎರಡನ್ನು ಅದೇ ಸಿಮೆಂಟಿನಿಂದ ನೀಟಾಗಿ ಮುಚ್ಚಿದ್ದಾರೆ. ಕೆಲಸಗಾರರನ್ನು ಬೈಯುವುದು ಸುಲಭ. ಟೆಂಡರಿನ ದರಪಟ್ಟಿಯಲ್ಲಿ ಗಾರೆ ಇಲ್ಲದಿದ್ದರೆ ಅವರು ಅದನ್ನು ತರುವುದು ಎಲ್ಲಿಂದ?

ನೀರು ಮತ್ತು ಚಕ್ಕಡಿ

1990ರ ದಶಕದಲ್ಲಿ ಹುಬ್ಬಳ್ಳಿಯ ಮಾರ್ಗಗಳು ಬ್ರಾಡ್ ಗೇಜ್ ಆದಾಗ, 1,000 ಮಿಲಿಮೀಟರ್ ಇದ್ದ ಹಳಿಯ ಅಂತರ 1,676 ಆಯಿತು. ಏರಿ ಅಗಲವಾಗಬೇಕಾಯಿತು, ಅದರ ಜೊತೆ ಕಮಾನೂ. ಇಂಥ ಸೇತುವೆಯ ಕೆಳಗೆ ಹೊಕ್ಕರೆ ನಡುವೆ ಕಲ್ಲು, ಎರಡೂ ತುದಿಗೆ ಕಾಂಕ್ರೀಟ್ ಎಂಬ ಪದರ ಕಾಣುತ್ತದೆ, ಹಳೆಯ ಸೀರೆಗೆ ಹೊಸ ಅಂಚು ಕೂಡಿಸಿದಂತೆ. ಆಮೇಲೆ ಜೋಡಿಹಳಿ ಬಂತು, ಪಕ್ಕಕ್ಕೆ ಪೆಟ್ಟಿಗೆ ಬಂತು. ಮೂರು ಕಾಲದ ಎಂಜಿನಿಯರಿಂಗ್ ಹತ್ತು ಹೆಜ್ಜೆಯಲ್ಲಿ ಸಿಗುತ್ತದೆ. ಅಂದ ಕೆಟ್ಟಿತೆಂದು ನನಗೇನೂ ಬೇಸರವಿಲ್ಲ. ಮೂಲ ಕಮಾನು ಉಳಿದದ್ದೇ ದೊಡ್ಡದು.

ಕಮಾನುಗಳನ್ನು ಕೆಡವಲು ನ್ಯಾಯವಾದ ಕಾರಣಗಳೂ ಇವೆ, ಮೊದಲನೆಯದು ನೀರು. ಹೆಬಸೂರಿನ ಕಡೆಯ ಬೆಣ್ಣೆಹಳ್ಳವನ್ನು ಬೇಸಿಗೆಯಲ್ಲಿ ನೋಡಿದವರು ಇದಕ್ಕೇಕೆ ಸೇತುವೆ ಎನ್ನುತ್ತಾರೆ. ಮಳೆಗಾಲದಲ್ಲಿ ನೋಡಿದವರು ಇಷ್ಟೇ ಸೇತುವೆಯೇ ಎನ್ನುತ್ತಾರೆ. ಎರೆ ಭೂಮಿ ಒಮ್ಮೆ ತುಂಬಿದರೆ ಹನಿ ನೀರನ್ನೂ ಇಂಗಿಸಿಕೊಳ್ಳುವುದಿಲ್ಲ, ಎಲ್ಲವೂ ಹಳ್ಳಕ್ಕೆ ಬರುತ್ತದೆ. 2019ರ ಆಗಸ್ಟಿನಲ್ಲಿ ಬೆಣ್ಣೆಹಳ್ಳ, ತುಪ್ಪರಿಹಳ್ಳ, ಮಲಪ್ರಭೆಗಳು ಉಕ್ಕಿ ನವಲಗುಂದ, ನರಗುಂದ, ರೋಣ ಸೀಮೆಯನ್ನು ಮುಳುಗಿಸಿದ್ದನ್ನು ಮರೆತವರಿಲ್ಲ. ಕಮಾನಿನ ಬಾಯಿ ಮೇಲಕ್ಕೆ ಹೋದಂತೆ ಕಿರಿದಾಗುತ್ತದೆ. ನೀರು ಏರಿದಂತೆ ಹಾದಿ ಕುಗ್ಗುತ್ತದೆ. ಚೌಕದ ಪೆಟ್ಟಿಗೆಗೆ ಆ ದೋಷವಿಲ್ಲ. ಕಮಾನನ್ನು ಗಟ್ಟಿ ಮಾಡಲೆಂದು ಒಳಗಿನಿಂದ ಕಾಂಕ್ರೀಟ್ ಉಂಗುರ ಹಾಕಿದರೆ ಬಾಯಿ ಇನ್ನಷ್ಟು ಸಣ್ಣದಾಗುತ್ತದೆ. ದೊಡ್ಡ ಹಳ್ಳದ ಮೇಲೆ ನೀರಿನ ಹಾದಿ ನಿಜವಾಗಿಯೂ ಸಾಲದಿದ್ದರೆ ಪಾರಂಪರಿಕತೆಯ ಹೆಸರಿನಲ್ಲಿ ತಡೆಯುವವರ ಸಾಲಿನಲ್ಲಿ ನಾನಿಲ್ಲ.

ಆದರೆ ಎಷ್ಟೋ ಕಡೆ ನೀರಿನ ಹಾದಿ ಕಟ್ಟಿದ್ದು ಕಮಾನಲ್ಲ, ಹೂಳು ಮತ್ತು ಬಳ್ಳಾರಿ ಜಾಲಿ. ಎರಡು ದಿನ ಜೆಸಿಬಿ ಓಡಿಸಿದರೆ ತೆರೆಯುವ ಬಾಯಿಗೆ ಸೇತುವೆಯನ್ನೇ ಬದಲಿಸುವುದು ದುಬಾರಿ ಚಿಕಿತ್ಸೆ.

ಎರಡನೆಯ ಕಾರಣ ರಸ್ತೆ. ಕಮಾನು ಕಟ್ಟಿದ್ದು ಚಕ್ಕಡಿಯ ಅಳತೆಗೆ, ಹೆಚ್ಚೆಂದರೆ ಹತ್ತಿಯ ಅಂಡಿಗೆ ಹೇರಿದ ಚಕ್ಕಡಿಗೆ. ಈಗ ಅದೇ ದಾರಿಯಲ್ಲಿ ಟ್ರ್ಯಾಕ್ಟರಿನ ಎರಡು ಟ್ರೇಲರ್, ಕೊಯ್ಲು ಯಂತ್ರ, ಶಾಲೆಯ ಬಸ್ ಹೋಗಬೇಕು. ಅಗಲ ಮಾಡಿ ಎಂದು ಊರವರು ಮನವಿ ಕೊಟ್ಟರೆ ಅದು ಪರಂಪರೆಯ ವಿರೋಧವಲ್ಲ, ದಿನದ ಬದುಕು. ಆದರೂ ಇಲ್ಲೊಂದು ವಿಚಿತ್ರ ಗಮನಿಸಬೇಕು. 2019ರ ಜನವರಿಯ ಹೊತ್ತಿಗೆ ಬ್ರಾಡ್ ಗೇಜ್ ಮಾರ್ಗಗಳಲ್ಲಿ ಕಾವಲಿಲ್ಲದ ಲೆವೆಲ್ ಕ್ರಾಸಿಂಗ್‌ಗಳನ್ನೆಲ್ಲ ತೆಗೆದರು. ಒಳ್ಳೆಯ ಕೆಲಸ, ಎಷ್ಟೋ ಜೀವ ಉಳಿದಿವೆ. ಅವುಗಳ ಬದಲಿಗೆ ಬಹಳಷ್ಟು ಕಡೆ ತಗ್ಗಿನ ಕೆಳಸೇತುವೆ ಬಂದವು. ಹಳೆಯವರು ಏರಿಯನ್ನು ಎತ್ತರಕ್ಕೆ ಎಬ್ಬಿಸಿ, ನೆಲದ ಮಟ್ಟದಲ್ಲೇ ಚಕ್ಕಡಿಗೆ ದಾರಿ ಬಿಟ್ಟಿದ್ದರು. ಬಿದ್ದ ನೀರು ತನ್ನಷ್ಟಕ್ಕೆ ಹಳ್ಳಕ್ಕೆ ಇಳಿಯುತ್ತಿತ್ತು. ಹೊಸ ಕೆಳಸೇತುವೆಗಳಲ್ಲಿ ಏರಿ ಇದ್ದಲ್ಲೇ ಇದೆ, ರಸ್ತೆಯನ್ನು ನೆಲಕ್ಕಿಂತ ಕೆಳಗೆ ಅಗೆದಿದ್ದಾರೆ. ಜೂನ್ ಬಂದರೆ ಅದು ಹೊಂಡ. ಪಂಪು ಇಟ್ಟು ನೀರು ಎತ್ತುವ ಸೇತುವೆಯ ಮಗ್ಗುಲಲ್ಲೇ 140 ವರ್ಷದ ಕಮಾನು ಒಣಗಿ ನಿಂತಿರುವುದನ್ನು ನಮ್ಮ ಭಾಗದಲ್ಲಿ ನೋಡಬಹುದು. ಕಲಿಯುವುದಿದ್ದರೆ ಕಮಾನಿನ ಅಂದಕ್ಕಿಂತ ಇದನ್ನು ಕಲಿಯಬೇಕು.

ಯಾರ ಪಟ್ಟಿಯಲ್ಲೂ ಇಲ್ಲ

ಕಾಲ್ಕಾ-ಶಿಮ್ಲಾ ಮಾರ್ಗದ ಕಮಾನುಗಳು 2008ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಡಾರ್ಜಿಲಿಂಗ್ 1999ರಲ್ಲಿ, ನೀಲಗಿರಿ 2005ರಲ್ಲಿ ಸೇರಿದ್ದವು. ಶಿಮ್ಲಾ ಹಾದಿಯ ಕನೋಹ್‌ನಲ್ಲಿ ನಾಲ್ಕು ಅಂತಸ್ತಾಗಿ ಕಮಾನಿನ ಮೇಲೆ ಕಮಾನು ಪೇರಿಸಿದ ಸೇತುವೆಯನ್ನು ನೋಡಿದರೆ ಯಾರಿಗಾದರೂ ಫೋಟೋ ತೆಗೆಯಬೇಕೆನಿಸುತ್ತದೆ. ಕುಂದಗೋಳದ ಹತ್ತಿರದ ಮೂರು ಮೀಟರಿನ ಮೋರಿಗೆ ಆ ಭಾಗ್ಯವಿಲ್ಲ. ಗುಡ್ಡದ ರೈಲು ಕಣ್ಣಿಗೆ ಬೀಳುತ್ತದೆ, ಬಯಲಿನ ರೈಲು ಮನುಷ್ಯರನ್ನು ದಾಟಿಸುತ್ತದೆ. ಪಟ್ಟಿ ಮಾಡುವವರು ಮೊದಲನೆಯದನ್ನೇ ಆರಿಸಿದ್ದಾರೆ.

ಪುರಾತತ್ವ ಇಲಾಖೆಗೆ ವಹಿಸಿ ಎಂಬ ಸಲಹೆ ಆಗಾಗ ಕೇಳಿಬರುತ್ತದೆ. ಒಳ್ಳೆಯ ಮನಸ್ಸಿನದು, ಕೆಲಸಕ್ಕೆ ಬಾರದು. 1958ರ ಕೇಂದ್ರ ಸ್ಮಾರಕ ಕಾಯ್ದೆಗೆ ನೂರು ವರ್ಷವಾಗಿರಬೇಕು, ಅದು ಆಗಿದೆ. ಆದರೆ 2010ರ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಸ್ಮಾರಕದ ಸುತ್ತ ನೂರು ಮೀಟರ್ ನಿಷೇಧಿತ ವಲಯ, ಅದರಾಚೆ ಇನ್ನೂರು ಮೀಟರ್ ನಿಯಂತ್ರಿತ ವಲಯ. ಓಡುವ ರೈಲು ಮಾರ್ಗದ ಮೇಲೆ ಈ ಬೇಲಿ ಹಾಕಿದರೆ ಸಿಗ್ನಲ್ ಕಂಬ ನೆಡಲೂ ದಿಲ್ಲಿಗೆ ಪತ್ರ ಬರೆಯಬೇಕು. ರೈಲ್ವೆ ಎಂದೂ ಒಪ್ಪದು, ಒಪ್ಪಬೇಕೆಂದು ನಾನೂ ಹೇಳಲಾರೆ.

ಇಷ್ಟು ವರ್ಷ ಈ ಕಮಾನುಗಳು ಬದುಕಿದ್ದು ಅವುಗಳ ಮೇಲೆ ರೈಲು ಓಡುತ್ತಿರುವುದರಿಂದ. ದಿನವೂ ಕೀಮನ್ ಹಳಿಗುಂಟ ನಡೆಯುತ್ತಾನೆ, ಗ್ಯಾಂಗಿನವರು ಅರಳಿ ಸಸಿ ಕೀಳುತ್ತಾರೆ, ವರ್ಷಕ್ಕೊಮ್ಮೆ ಎಂಜಿನಿಯರ್ ಟಾರ್ಚ್ ಹಿಡಿದು ಕೆಳಗೆ ಬರುತ್ತಾರೆ. ಹಳಿ ಬೇರೆ ಕಡೆಗೆ ತಿರುಗಿದ ಮರುದಿನದಿಂದ ಯಾರೂ ಬರುವುದಿಲ್ಲ. ಎರಡು ಮಳೆಗಾಲದಲ್ಲಿ ಅರಳಿಯ ಬೇರು ಸಂದು ಹೊಕ್ಕುತ್ತದೆ, ಮೂರನೆಯದರಲ್ಲಿ ಕೈಗೋಡೆಯ ಕಲ್ಲುಗಳು ಯಾರದೋ ಹೊಲದ ಬದುವಿಗೆ ಸೇರುತ್ತವೆ. ತಿರುವು ನೇರ ಮಾಡಲು, ವೇಗ ಹೆಚ್ಚಿಸಲು ಮಾರ್ಗ ಸರಿಸಿದ ಜಾಗಗಳಲ್ಲೇ ಅಪಾಯ ಹೆಚ್ಚು. ಮೊದಲು ನೋಡಬೇಕಾದದ್ದು ಇಂಥ ಬಿಟ್ಟ ಸೇತುವೆಗಳನ್ನು. ಹಳಿ ತೆಗೆದ ಏರಿಯ ಮೇಲೆ ಸೈಕಲ್ಲು, ಶಾಲೆಗೆ ನಡೆಯುವ ಮಕ್ಕಳು, ಹೊಲಕ್ಕೆ ಹೋಗುವವರು ಓಡಾಡುವಂತೆ ಪಂಚಾಯಿತಿಗೆ ಗುತ್ತಿಗೆ ಕೊಟ್ಟರೆ ಬಳಕೆಯೇ ಕಾವಲಾಗುತ್ತದೆ.

ಓಡುವ ಮಾರ್ಗದ ಸೇತುವೆಗಳಿಗೆ ಬೇಕಾದದ್ದು ಕಡಿಮೆ ಖರ್ಚಿನದು. ಪ್ರತಿ ಸೇತುವೆಗೂ ರೈಲ್ವೆಯ ಬಳಿ ದಾಖಲೆ ಪುಸ್ತಕ ಇರುತ್ತದೆ: ಹರವು, ಕಲ್ಲಿನ ಬಗೆ, ಅಡಿಪಾಯ, ಅತಿ ಎತ್ತರದ ನೆರೆ ಎಷ್ಟಕ್ಕೆ ಬಂದಿತ್ತು, ಯಾವಾಗ ಏನು ದುರಸ್ತಿಯಾಯಿತು. ಈ ಸೀಮೆಯ ಹಳ್ಳಗಳ ಮಳೆ ನೆರೆಗಳ ಚರಿತ್ರೆಯೂ ಅದರಲ್ಲೇ ಅಡಗಿದೆ. ಹುಬ್ಬಳ್ಳಿಯಲ್ಲಿ 2003ರಿಂದ ನೈರುತ್ಯ ರೈಲ್ವೆಯ ಕೇಂದ್ರ ಕಚೇರಿಯಿದೆ. 2020ರಲ್ಲಿ ಗದಗ ರಸ್ತೆಯ ಬದಿಗೆ, ಮಲಪ್ರಭಾ, ಘಟಪ್ರಭಾ ಎಂಬ ಹಳೆಯ ಎರಡು ಮನೆಗಳಲ್ಲಿ ರೈಲು ವಸ್ತುಸಂಗ್ರಹಾಲಯ ತೆರೆದಿದ್ದಾರೆ. ಲಾಟೀನು, ಟಿಕೆಟ್ ಯಂತ್ರಗಳ ಪಕ್ಕದಲ್ಲಿ ಕಮಾನಿನ ಮೂಲ ನಕ್ಷೆಗಳಿಗೂ ಒಂದು ಗೋಡೆ ಕೊಡಬಹುದು. ಹುಬ್ಬಳ್ಳಿ ಸ್ಟೇಷನ್ನಿನ 1,507 ಮೀಟರಿನ ಪ್ಲಾಟ್‌ಫಾರ್ಮನ್ನು ನೋಡಲು ಬರುವವರು ಆರು ಮೀಟರಿನ ಕಮಾನನ್ನೂ ನೋಡಿಯಾರು. ಧಾರವಾಡ, ಹುಬ್ಬಳ್ಳಿಗಳಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿಗೇನೂ ಬರವಿಲ್ಲ. ಕೆಡವಲೇಬೇಕಾದ ಕಮಾನು ಇದ್ದರೆ ಕೆಡವುವ ಮುಂಚೆ ವಿದ್ಯಾರ್ಥಿಗಳು ಅಳತೆ ತೆಗೆದು ಚಿತ್ರ ಬರೆಯಲಿ, ಗಾರೆಯ ಚೂರನ್ನು ಪ್ರಯೋಗಾಲಯಕ್ಕೆ ಒಯ್ಯಲಿ. ಅಷ್ಟರ ಜೊತೆಗೆ ದರಪಟ್ಟಿಯಲ್ಲಿ ಸುಣ್ಣದ ಗಾರೆಗೆ ಒಂದು ಸಾಲು ಸೇರಿಸಲಿ.

ಗೂಡ್ಸ್ ಹೋದ ಮೇಲೆ ಮುಗದದ ಕಡೆಯಿಂದ ರೈತರೊಬ್ಬರು ಎಮ್ಮೆಗಳನ್ನು ಹೊಡೆದುಕೊಂಡು ಬಂದರು. ಹೊಸ ಪೆಟ್ಟಿಗೆ ಅಗಲವಾಗಿದೆಯಲ್ಲ, ಈ ಕಿರಿದಾದ ಕಮಾನಿನಲ್ಲೇ ಏಕೆ ಬರುತ್ತೀರಿ ಎಂದು ಕೇಳಿದೆ. ಕಾಂಕ್ರೀಟಿನ ನೆಲ ಜಾರುತ್ತದೆ, ಎಮ್ಮೆ ಕಾಲೂರುವುದಿಲ್ಲ, ಕಮಾನಿನಲ್ಲಿ ಬೇಸಿಗೆಗೂ ತಂಪಿರುತ್ತದೆ ಎಂದರು. ಆಮೇಲೆ ಗೋಡೆಯಲ್ಲಿ ಸಿಮೆಂಟ್ ಮೆತ್ತಿದ ಆ ಎರಡು ತೂತುಗಳನ್ನು ಕೋಲಿನಿಂದ ತಟ್ಟಿ ತೋರಿಸಿ, ಹೋದ ಮಳೆಗಾಲದಿಂದ ನೀರು ಕಲ್ಲಿನ ಸಂದಿಯಿಂದಲೇ ಜಿನುಗುತ್ತಿದೆ ಎಂದರು.